ನೀಲಿ ಹೂವಿಗೆ ಸುಣ್ಣ

ನನಗೆ ನನ್ನ ಸೊಸೆಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಇನ್ಯಾರೋ ಬಂದು ನಿಮ್ಮ ಕಿವಿ ಊದುವುದು ಬೇಡ. ಸೇಡಂನ ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು. ನಮ್ಮ ಮನೆಯವರು ನರಸಿಂಹರಾಯರಿಗಂತೂ ಇದೊಂದು ತಮಾಷೆ. "ರುಕ್ಮಿಣಿ, ಗ್ಯಾಸ್ ತೀರಿದ್ರ ಚಿಂತಿ ಇಲ್ಲ ನೋಡು. ನಿನ್ನ ಹೊಟ್ಟಿ ಮ್ಯಾಲೆ ಅನ್ನಕ್ಕಿಟ್ರ ಆತು," ಎನ್ನುತ್ತಾರೆ. ಎನ್ನಲಿ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಹೂ ಬೆಳೆಸಿದವಳು ನಾನು. ನಿನ್ನೆ ಮೊನ್ನೆ ಬಂದ ಹುಡುಗಿ ಮಾಳಿಗೆಯ ಮೇಲೆ ಮೂರು ಕುಂಡ ಇಟ್ಟು ಓಣಿಯನ್ನೇ ಗೆದ್ದುಬಿಟ್ಟರೆ ಉರಿಯುವುದಿಲ್ಲವೇ? ನಿಮಗೆ ಉರಿಯುವುದಿಲ್ಲ ಎಂದಾದರೆ ನೀವು ದೊಡ್ಡವರು, ನಮಸ್ಕಾರ.

ನಾನು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿ ನಿವೃತ್ತಳಾದವಳು. ಬೆಳಿಗ್ಗೆ ಎದ್ದು ಹೂ ಬಿಡಿಸಿ, ದೇವರಿಗೆ ತೆಗೆದಿಟ್ಟು, ಉಳಿದದ್ದನ್ನು ಓಣಿಗೆ ಹಂಚಿ, ಆಮೇಲೆ ಶಾಲೆಗೆ ಹೋಗುತ್ತಿದ್ದೆ. ದುಂಡುಮಲ್ಲಿಗೆ, ಕಣಗಿಲೆ, ದಾಸವಾಳ, ಗೋರಂಟಿ, ಶಂಖಪುಷ್ಪ, ಯಾವುದಿರಲಿಲ್ಲ ಹೇಳಿ. ಯಾರ ಮನೆಯಲ್ಲಿ ಬಸುರಿಯ ಕುಬಸವಿದ್ದರೂ, ಸತ್ಯನಾರಾಯಣ ಪೂಜೆಯಿದ್ದರೂ, ಹೂ ಕಡಿಮೆ ಬಿತ್ತೆಂದರೆ "ಹೂವಿನ ಅಕ್ಕೋರ ಮನಿಗಿ ಹೋಗ್ರಿ" ಎಂದೇ ಕಳಿಸುತ್ತಿದ್ದರು. ಪೋಸ್ಟಿನವನಿಗೂ ಅದೇ ಗುರುತು. ಆ ಗುರುತಿನ ಮೇಲೆ ನನಗೆ ಜಂಬವಿತ್ತು. ಯಾಕಿರಬಾರದು?

ಇನ್ನು ಸೊಸೆಯ ವಿಷಯ. ಹೆಸರು ಶ್ರೀವಾಣಿ. ಚಿಂಚೋಳಿಯ ಪೋಸ್ಟ್‌ಮಾಸ್ಟರ್ ವಿಠ್ಠಲರಾಯರ ಕಿರಿಯ ಮಗಳು. ಇಲ್ಲಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಾಳೆ. ನನ್ನ ಮಗ ಸುಮಧ್ವ ಮಳಖೇಡದ ಸಿಮೆಂಟ್ ಫ್ಯಾಕ್ಟರಿಯ ಆಫೀಸಿನಲ್ಲಿದ್ದಾನೆ. ಹುಡುಗಿ ಎತ್ತರ, ಮಾತು ಕಡಿಮೆ. ಸಿಟ್ಟು ಬಂದರೆ ನನಗೆ ದನಿ ಏರುತ್ತದೆ, ಅವಳಿಗೆ ಇಳಿಯುತ್ತದೆ. ಅಂಥವರ ಜತೆ ಜಗಳ ಆಡುವುದು ಹೇಗೆ ಹೇಳಿ? ನಾಲ್ಕು ಮಾತು ನಾನು ಆಡಿದರೆ ಅವಳದು ಒಂದೂ ಇಲ್ಲ. ನೋಡಿದವರು ನನ್ನನ್ನೇ ಜಗಳಗಂಟಿ ಎನ್ನಬೇಕು, ಹಾಗೆ.

ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಹೋಗಿ ಬಂದಳು. ಹೆಣ್ಣುಮಕ್ಕಳು ತವರಿಂದ ಬರುವಾಗ ಉಂಡಿ, ಚಕ್ಕುಲಿ ತರುತ್ತಾರೆ, ಒಂದು ಸೀರೆ ತರುತ್ತಾರೆ. ಇವಳು ಗೊಬ್ಬರದ ಖಾಲಿ ಚೀಲದ ತುಂಬ ಕೆಂಪು ಮಣ್ಣು ತಂದಳು. ಜತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೂರು ಕಡ್ಡಿ.

"ಇದೇನವ್ವಾ ಇದು? ಸೇಡಂದಾಗ ಮಣ್ಣಿಲ್ಲೇನು?" ಎಂದೆ.

"ಅದ ರೀ ಅತ್ಯಾ. ಆದ್ರ ಇಲ್ಲಿದು ಕರಿಮಣ್ಣು. ಇದರಾಗ ಹಚ್ಚಿದ್ರ ಈ ಹೂ ನೀಲಿ ಬರಂಗಿಲ್ರಿ, ಗುಲಾಬಿ ಆಗ್ತದ."

"ಗುಲಾಬಿ ಆದ್ರ ಏನು ಪಾಪ ಬರ್ತದ?"

"ಅಪ್ಪ ಬೆಳಸಿದ್ದು ನೀಲಿ ರೀ," ಎಂದಳು. ಅಷ್ಟೇ. ಅಪ್ಪ ಎಂದರೆ ಮುಗಿಯಿತು, ಅದರ ಮುಂದೆ ಮಾತಿಲ್ಲ.

ಹೈಡ್ರೇಂಜಿಯಾ ಅಂತೆ ಅದರ ಹೆಸರು. ವಿಠ್ಠಲರಾಯರು ಎಂದೋ ಮಹಾಬಳೇಶ್ವರಕ್ಕೆ ಹೋದಾಗ ಒಂದು ಗಿಡ ತಂದು ಹಿತ್ತಲ ಬಾವಿಯ ನೆರಳಿನಲ್ಲಿ ನೆಟ್ಟಿದ್ದರಂತೆ. ಚಿಂಚೋಳಿಯ ಕಾಡಿನಂಚಿನ ಕೆಂಪು ಮೊರಂ ಮಣ್ಣು ಅದಕ್ಕೆ ಸರಿಹೋಗಿ, ಮಹಾಬಳೇಶ್ವರದಲ್ಲಿದ್ದದ್ದಕ್ಕಿಂತಲೂ ಕಡು ನೀಲಿ ಹೂ ಬಿಟ್ಟಿತಂತೆ. ಈ "ಅಂತೆ"ಗಳನ್ನೆಲ್ಲ ನನ್ನ ಮಗ ಕಣ್ಣರಳಿಸಿ ಕೇಳುತ್ತಿದ್ದ. ನಾನು ಮಲ್ಲಿಗೆಗೆ ಕುರಿಗೊಬ್ಬರ ಯಾವಾಗ ಹಾಕಬೇಕೆಂದು ಹೇಳಿದರೆ ಮೊಬೈಲ್ ನೋಡುತ್ತಿದ್ದವನು ಇವನೇ.

ಆ ಮೂರು ಕುಂಡಕ್ಕೆ ಅವಳು ಮಾಡಿದ ಚಾಕರಿಯನ್ನು ನೀವು ನೋಡಬೇಕಿತ್ತು. ಮೆಟ್ಟಿಲ ಕೋಣೆಯ ಹಿಂದೆ, ಮಧ್ಯಾಹ್ನದ ಬಿಸಿಲು ತಾಗದ ಜಾಗ. ಮೇಲೆ ಹಸಿರು ಜಾಲರಿ. ಬೋರಿನ ನೀರು ಮುಟ್ಟಿಸುವ ಹಾಗಿಲ್ಲ. ನಮ್ಮ ನೀರು ಗಡಸು, ಪಾತ್ರೆಯಲ್ಲಿ ಕಾಸಿದರೆ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಆ ನೀರು ನಾವು ಕುಡಿಯಬಹುದು, ಮಹಾರಾಣಿಯರು ಕುಡಿಯುವ ಹಾಗಿಲ್ಲ! ಮಳೆನೀರು ಹಿಡಿದಿಡಲು ಡ್ರಮ್ಮು ಬಂದವು. ಬೇಸಿಗೆಯಲ್ಲಿ ಅವರ ಕೋಣೆಯ ಎಸಿಯಿಂದ ತೊಟ್ಟಿಕ್ಕುವ ನೀರನ್ನೂ ಬಕೆಟ್ಟಿನಲ್ಲಿ ಹಿಡಿದು ಮೇಲೆ ಹೊತ್ತಳು. ಆಗಾಗ ಆ ನೀರಿನಲ್ಲಿ ಒಂದಿಷ್ಟು ಪಟಕಡಿ ಕರಗಿಸುತ್ತಿದ್ದಳು. ಕ್ಷೌರದ ಗಾಯಕ್ಕೆ ತಿಕ್ಕುತ್ತಾರಲ್ಲ, ಅದೇ ಬಿಳಿ ಕಲ್ಲು. ಬೂದಿ ಹಾಕಬಾರದು, ಸುಣ್ಣ ಸೋಕಬಾರದು ಎಂದು ಅವರಪ್ಪ ಹೇಳಿದ್ದರಂತೆ. ಇದನ್ನು ಅವಳು ಗಂಡನಿಗೆ ಹೇಳಿದ್ದಳು, ನನಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ನಾನ್ಯಾಕೆ ಕೇಳಲಿ?

ಎರಡನೆಯ ವರ್ಷ ಹೂ ಬಂತು. ಒಂದೊಂದು ಹೂಗೊಂಚಲೂ ಹೂಕೋಸಿನಷ್ಟು ದಪ್ಪ, ಬಣ್ಣ ಶಾಯಿಯ ಹಾಗೆ. ಸೇಡಂನಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಹತ್ತಿರ ಹೋಗಿ ಮೂಸಿದೆ. ವಾಸನೆಯೇ ಇಲ್ಲ! ಅವತ್ತು ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಕೆಳಗೆ ಬಂದು, "ವಾಸನಿ ಇಲ್ಲದ ಹೂ ದೇವರಿಗಿ ಏರ್ಸೋದಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಗೋಕುಲಾಷ್ಟಮಿಯ ದಿನ ನೋಡುತ್ತೇನೆ, ನಮ್ಮ ಮನೆಯವರು ನನ್ನ ಮಲ್ಲಿಗೆ ಸರವನ್ನು ಪಕ್ಕಕ್ಕೆ ಸರಿಸಿ ಆ ನೀಲಿ ಗೊಂಚಲನ್ನು ಕೃಷ್ಣನ ಮುಂದೆ ಇಟ್ಟಿದ್ದಾರೆ. "ಅವನ ಬಣ್ಣಾನೇ ಅದ ಬಿಡು," ಎಂದರು. ಅವತ್ತು ನಾನು ಪಾಯಸ ಬಡಿಸಿದೆ, ತಿನ್ನಲಿಲ್ಲ.

ಆಮೇಲೆ ಶುರುವಾಯಿತು ಜಾತ್ರೆ. ಅವಳ ಶಾಲೆಯವರು ಬಂದರು, ಅವರ ಮನೆಯವರು ಬಂದರು, ಶಹಾಬಾದಿನಿಂದ ಯಾರೋ ಫೋಟೋ ತೆಗೆಯಲು ಬಂದರು. ಒಂದು ದಿನ ಬಾಗಿಲು ಬಡಿದ ಹೆಣ್ಣುಮಗಳು ಕೇಳಿದಳು, "ಶ್ರೀವಾಣಿ ಟೀಚರ್ ಮನಿ ಇದೇ ಏನ್ರಿ? ನೀವು ಅವರ ಅತ್ತೇರೇನ್ರಿ?" ನನ್ನ ಮನೆಯ ಹೊಸ್ತಿಲ ಮೇಲೆ ನಿಂತು ನನಗೆ ಈ ಮಾತು! ಒಳಗೆ ಬಂದು ಬೇಳೆಗೆ ಒಗ್ಗರಣೆ ಹಾಕುವಾಗ ಸಾಸಿವೆಗಿಂತ ಹೆಚ್ಚು ನಾನು ಸಿಡಿದೆ.

ಕಳೆದ ಶ್ರಾವಣದಲ್ಲಿ ವಿಠ್ಠಲರಾಯರು ತೀರಿಕೊಂಡರು. ಕೂತಲ್ಲೇ ಹೋದರು, ಯಾರಿಗೂ ತ್ರಾಸು ಕೊಡಲಿಲ್ಲ. ಬೀಗ್ತಿ, ಎಂದರೆ ಶ್ರೀವಾಣಿಯ ತಾಯಿ, ಕಲಬುರಗಿಯಲ್ಲಿದ್ದ ಹಿರಿಯ ಮಗಳ ಮನೆಗೆ ಹೋದರು. ಚಿಂಚೋಳಿಯ ಮನೆ ಬಾಡಿಗೆಗೆ ಹೋಯಿತು. ಬಂದ ಬಾಡಿಗೆದಾರರು ಗಾಡಿ ನಿಲ್ಲಿಸಲು ಹಿತ್ತಲಿಗೆ ಸಿಮೆಂಟು ಹಾಕಿಸಿದರು. ಬಾವಿಯ ಪಕ್ಕದ ಗಿಡ ಹೋಯಿತು. ಈ ಸುದ್ದಿ ಬಂದ ದಿನ ಶ್ರೀವಾಣಿ ಅಳಲಿಲ್ಲ. ಮಾಳಿಗೆ ಹತ್ತಿ ಆ ಮೂರು ಕುಂಡಗಳ ಮುಂದೆ ಕತ್ತಲಾಗುವ ತನಕ ಕೂತಿದ್ದಳು. ಅವಳ ಅಪ್ಪನದು ಎಂದು ಇನ್ನು ಉಳಿದದ್ದು ಅದೊಂದೇ.

ನನ್ನ ಹೊಟ್ಟೆಯಲ್ಲಿ ಬರೀ ಕಿಚ್ಚೇ ಇದೆ ಎಂದುಕೊಳ್ಳಬೇಡಿ. ಅಯ್ಯೋ ಎನಿಸಿತು ನನಗೆ. ಆದರೆ ಸಮಾಧಾನದ ಮಾತು ನನ್ನ ಬಾಯಿಗೆ ಬರುವುದಿಲ್ಲ. ಬೈಗಳು ಬೇಕಿದ್ದರೆ ಕೇಳಿ, ಎಷ್ಟು ಬೇಕಾದರೂ ಕೊಡುತ್ತೇನೆ. ಬಾಯಿಯಿಂದ ಆಗದ್ದನ್ನು ಕೈಯಿಂದ ಮಾಡೋಣ ಎಂದುಕೊಂಡೆ.

ದೀಪಾವಳಿಗೆ ಅವಳು ತಾಯಿಯ ಹತ್ತಿರ ಕಲಬುರಗಿಗೆ ಹೋಗಿದ್ದಳು. ದೀಪಾವಳಿ ಬಂತೆಂದರೆ ನಮ್ಮಲ್ಲಿ ಸುಣ್ಣ ಬಳಿಯದೆ ಹಬ್ಬವಿಲ್ಲ. ಗೋಡೆಗೆ ಈಗ ಪೇಂಟ್ ಬಂದಿದ್ದರೂ ತುಳಸಿಕಟ್ಟೆ, ಮೆಟ್ಟಿಲ ಅಂಚು, ಹೂಕುಂಡಗಳಿಗೆ ನಾನೇ ಸುಣ್ಣ ಅರಳಿಸಿ ಬಳಿಯುತ್ತೇನೆ. ನಡುವೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತೇನೆ. ಗಿಡದ ಬುಡಕ್ಕೂ ಸುಣ್ಣ ಹಾಕುತ್ತೇವೆ, ಗೆದ್ದಲು ಹತ್ತಬಾರದೆಂದು. ನಮ್ಮಮ್ಮ ಮಾಡುತ್ತಿದ್ದಳು, ಅವರಮ್ಮನೂ ಮಾಡುತ್ತಿದ್ದಳು. ಸೊಸೆಯ ಕುಂಡಗಳನ್ನು ನಾನು ಎಂದೂ ಮುಟ್ಟಿದವಳಲ್ಲ. ಈ ಸಲ ಮುಟ್ಟಿದೆ. ಮೊಣಕಾಲು ನೋವಿನಲ್ಲಿ ಮಾಳಿಗೆ ಹತ್ತಿ, ಮೂರಕ್ಕೂ ಒಳಂಚಿಗೆ, ಹೊರಗೆ ಎರಡು ಸಲ ಸುಣ್ಣ ಬಳಿದೆ. ಅಂಚಿನ ಸುತ್ತ ಕೆಮ್ಮಣ್ಣಿನಲ್ಲಿ ಬಳ್ಳಿ ಬರೆದೆ. ಬಕೆಟ್ಟಿನಲ್ಲಿ ಉಳಿದ ಸುಣ್ಣದ ನೀರನ್ನು ಯಾಕೆ ಚೆಲ್ಲಲಿ ಎಂದು ಮೂರೂ ಗಿಡದ ಬುಡಕ್ಕೆ ಸಮನಾಗಿ ಸುರಿದೆ.

ಪಕ್ಕದ ಮಾಳಿಗೆಯಲ್ಲಿ ಜಗದೇವಿ ಬಟ್ಟೆ ಒಣಹಾಕುತ್ತಿದ್ದಳು. ಆಡಕಿ ಹಳ್ಳಿಯವಳು, ಹೊಲಮನೆಯ ಹೆಣ್ಣುಮಗಳು, ಅವಳ ಕಣ್ಣಿಗೆ ಬೀಳದ್ದು ಇಲ್ಲ. "ಏನ್ರಿ ಅಕ್ಕೋರೆ, ಸೊಸಿ ಕುಂಡಕ್ಕ ಸಿಂಗಾರ ಮಾಡಾಕತ್ತೀರಿ!" ಎಂದಳು.

"ಅವೂ ನಮ್ಮ ಮನಿವೇ ಅಲ್ಲೇನವ್ವಾ," ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೇ ಗೊತ್ತಾಗಲಿಲ್ಲ. ಖುಷಿಯಾಗಿತ್ತು ನನಗೆ.

ಶ್ರೀವಾಣಿ ಬಂದಳು, ಮಾಳಿಗೆ ಹತ್ತಿದಳು, ನೋಡಿದಳು. ಮುಖ ಸಪ್ಪಗಾಯಿತು. "ಛಲೋ ಕಾಣಸ್ತಾವ್ರಿ ಅತ್ಯಾ," ಎಂದಳು, ದನಿ ಇಳಿಸಿ. ಮರುದಿನ ನೋಡುತ್ತೇನೆ, ನಾನು ಬಳಿದ ಸುಣ್ಣವನ್ನೆಲ್ಲ ಚಾಕುವಿನಿಂದ ಕೆರೆದು ತೆಗೆದಿದ್ದಾಳೆ! ನನ್ನ ಬಳ್ಳಿಯೂ ಹೋಗಿತ್ತು. ಯಾಕೆ ಎಂದು ಅವಳು ಹೇಳಲಿಲ್ಲ, ಹಿರಿಯರ ಮನಸ್ಸು ನೋಯಬಾರದೆಂದು. ಯಾಕೆ ಎಂದು ನಾನು ಕೇಳಲಿಲ್ಲ, ಮೈಯೆಲ್ಲ ಉರಿದುಹೋಗಿತ್ತು. ಬುಡಕ್ಕೆ ಸುರಿದ ನೀರಿನ ಮಾತೇ ಬರಲಿಲ್ಲ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೆ ಅವತ್ತೇ ಮಣ್ಣು ಬದಲಾಯಿಸಿ ಎಲ್ಲ ಸರಿಹೋಗುತ್ತಿತ್ತು.

ಫಾಲ್ಗುಣದಲ್ಲಿ ಬೀಗ್ತಿ ನಮ್ಮ ಮನೆಗೆ ಬಂದರು, ಗಂಡನ ಹೂ ನೋಡಬೇಕೆಂದು. ಗಿಡದ ಎಲೆ ಅಷ್ಟು ಹೊತ್ತಿಗೆ ಹಳದಿಗೆ ತಿರುಗಿದ್ದವು. ಮೊಗ್ಗು ಮೊದಲು ಹಸಿರಾಗಿದ್ದವು, ಆಮೇಲೆ ಬೆಳ್ಳಗಾದವು. ಬಣ್ಣ ಬರುವ ದಿನ ಬಂತು. ಬೆಳಿಗ್ಗೆ ಸುಮಧ್ವ ಫ್ಯಾಕ್ಟರಿಗೆ ಹೋದ ಮೇಲೆ ಉಳಿದವರೆಲ್ಲ ಮಾಳಿಗೆ ಹತ್ತಿದೆವು. ಮೂರು ಕುಂಡದಲ್ಲಿಯೂ ಹೂ ಗುಲಾಬಿಯಾಗಿತ್ತು.

ಬೀಗ್ತಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇದು ನಿಮ್ಮಪ್ಪನ ಹೂವಲ್ಲವ್ವಾ," ಎಂದರು.

"ಮ್ಯಾಲಿನ ಸುಣ್ಣ ಎಲ್ಲಾ ಕೆರದು ತಗದಿದ್ದೆ," ಎಂದಳು ಶ್ರೀವಾಣಿ. "ಹ್ಯಾಂಗಾತಿದು?"

ಪಕ್ಕದ ಮಾಳಿಗೆಯಿಂದ ಜಗದೇವಿಯ ದನಿ ಬಂತು. "ಮ್ಯಾಲಿಂದು ತಗದ್ರ ಏನಾತ್ರಿ ಟೀಚರ್? ಅಕ್ಕೋರು ಬಕೀಟಿನಾಗಿನ ಸುಣ್ಣದ ನೀರು ಪೂರಾ ಬುಡಕ್ಕ ಸುರದಿದ್ರಲ್ಲ!"

ಎಲ್ಲರೂ ನನ್ನ ಕಡೆ ತಿರುಗಿದರು. ಬೀಗ್ತಿ ಹೇಳಿದರು, "ಆರತಿ ತಟ್ಟಿಯೊಳಗ ಅರಿಶಿಣ ನೀರಿಗಿ ಚಿಟಿಕಿ ಸುಣ್ಣ ಬಿದ್ರ ಕೆಂಪಾಗ್ತದ. ಅದು ನಮ್ಮ ಬೀಗ್ತೀರಿಗಿ ಗೊತ್ತಿಲ್ಲದ್ದೇನಲ್ಲ."

"ಗೆದ್ದಲಿ ಹತ್ತಬಾರದಂತ ಹಾಕಿದ್ದೆ ನಾನು!" ಎಂದು ಕೂಗಿದೆ. ನನ್ನ ದನಿಯೇ ಹಾಗೆ, ಖರೇ ಹೇಳುವಾಗಲೂ ಜಗಳ ಆಡಿದ ಹಾಗೆ ಕೇಳಿಸುತ್ತದೆ. ಶ್ರೀವಾಣಿ ನನ್ನನ್ನು ಒಮ್ಮೆ ನೋಡಿ ತಾಯಿಯ ಕೈ ಹಿಡಿದು ಕೆಳಗೆ ಇಳಿದುಹೋದಳು.

ಸಂಜೆ ಸುಮಧ್ವ ಫ್ಯಾಕ್ಟರಿಯಿಂದ ಬಂದ. ಕೈಕಾಲು ತೊಳೆಯುವ ಮುಂಚೆಯೇ ನನ್ನ ಮುಂದೆ ನಿಂತ.

"ಅಮ್ಮಾ, ಒಂದು ಕೇಳ್ತೀನಿ. ಆ ಹೂವಿನ ಮ್ಯಾಲೆ ನಿನಗ ಹೊಟ್ಟಿಕಿಚ್ಚು ಇತ್ತೋ ಇಲ್ಲೋ?"

"ಇತ್ತು."

"ಮತ್ತ?"

ಇತ್ತು ಎಂದ ಮೇಲೆ ಉಳಿದದ್ದನ್ನು ಯಾರು ಕೇಳುತ್ತಾರೆ? ನನ್ನ ಮೊಣಕಾಲು, ನಾನು ಬರೆದ ಬಳ್ಳಿ, ನಮ್ಮ ಮನಿವೇ ಎಂದ ಮಾತು, ಯಾವುದನ್ನೂ ಅವನು ಕೇಳಲಿಲ್ಲ. ಆರು ವರ್ಷ ಉರಿದುಕೊಂಡದ್ದನ್ನು ಇಡೀ ಓಣಿ ನೋಡಿತ್ತು. ಒಂದು ದಿನ ಪ್ರೀತಿ ಮಾಡಿದ್ದನ್ನು ನೋಡಿದವಳು ಜಗದೇವಿ ಒಬ್ಬಳೇ, ಅವಳೂ ಅದನ್ನು ಹೀಗೆ ಹೇಳಿದಳು.

ಮರುದಿನ ಮಾಳಿಗೆಯ ಬಾಗಿಲಿಗೆ ಕೀಲಿ ಬಿತ್ತು. ಹಾಕಿದವನು ನನ್ನ ಮಗ. ಕೀಲಿಕೈ ಸೊಸೆಯ ಪರ್ಸಿನಲ್ಲಿ ಶಾಲೆಗೆ ಹೋಗಿ ಶಾಲೆಯಿಂದ ಬರತೊಡಗಿತು. ನನ್ನ ಮನೆಯ ಮಾಳಿಗೆಗೆ ನಾನು ಹತ್ತುವ ಹಾಗಿಲ್ಲ! ಸಂಡಿಗೆ ಹಪ್ಪಳದ ದಿನಗಳು ಬೇರೆ. ಹಿಟ್ಟು ಕುದಿಸಿ ಕೂತರೆ ಇಡುವುದಕ್ಕೆ ಬಿಸಿಲಿಲ್ಲ. ಜಗದೇವಿ ಬಂದು, "ನಮ್ಮ ಮಾಳಗಿ ಮ್ಯಾಲೆ ಹಾಕ್ರಿ ಅಕ್ಕೋರೆ," ಎಂದಳು. ಹಚ್ಚಿದವಳೂ ಅವಳೇ, ಆರಿಸಲು ಬಂದವಳೂ ಅವಳೇ. ಆ ಹಿಟ್ಟನ್ನು ದನಕ್ಕೆ ಹಾಕಿದೆ, ಅವಳ ಮಾಳಿಗೆ ಹತ್ತಲಿಲ್ಲ.

"ಕೇಳಿ ನೋಡು, ಕೀಲಿಕೈ ಕೊಡ್ತಾಳ," ಎಂದರು ನಮ್ಮ ಮನೆಯವರು.

"ನಾ ಕೇಳಬೇಕೇನು? ನಾ?"

ಕೀಲಿಯಾದರೂ ತಡೆದುಕೊಳ್ಳಬಹುದಿತ್ತು. ಶ್ರೀವಾಣಿ ಒಂದು ಕೆಟ್ಟ ಮಾತು ಆಡಲಿಲ್ಲ, ಬಡಿಸುವುದು ಬಿಡಲಿಲ್ಲ, ಚಹಾ ಕೊಡುವುದು ಬಿಡಲಿಲ್ಲ. "ಊಟಕ್ಕ ಬರ್ರಿ" ಎನ್ನುತ್ತಿದ್ದಳು. "ಅತ್ಯಾ" ಎನ್ನುವುದನ್ನು ಮಾತ್ರ ಬಿಟ್ಟಳು. ಆ ಒಂದು ಶಬ್ದ ಇಲ್ಲದೆ ಮನೆಯಲ್ಲಿ ನಾನು ಯಾರೋ ಆಗಿಬಿಟ್ಟೆ. ಬೀಗ್ತಿಯ ಜತೆ ಫೋನಿನಲ್ಲಿ ನಗುನಗುತ್ತ ಮಾತಾಡುವುದು ಕೇಳಿದರೆ ಎದೆಯಲ್ಲಿ ಕೆಂಡ. ನನ್ನನ್ನು ನಂಬುವವರು ಈ ಮನೆಯಲ್ಲಿ ಒಬ್ಬರೂ ಇಲ್ಲ ಎನ್ನುವುದು ಆ ಕೆಂಡದ ಮೇಲಿನ ತುಪ್ಪ. ನನಗೆ ಹೂ ಬೇಕಿರಲಿಲ್ಲ, ಹೊಗಳಿಕೆಯೂ ಬೇಕಿರಲಿಲ್ಲ. ಕೆಡಿಸಬೇಕೆಂದು ಮಾಡಿಲ್ಲ ಎಂಬ ಒಂದು ಮಾತನ್ನು ಅವಳು ನಂಬಬೇಕಿತ್ತು.

ಯುಗಾದಿ ಕಳೆಯಿತು. ಒಂದು ದಿನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ, ಒಂದು ಖಾಲಿ ಚೀಲ, ಒಂದು ಕುರ್ಪಿ ಕೈಚೀಲದಲ್ಲಿ ಹಾಕಿಕೊಂಡು ಚಿಂಚೋಳಿ ಬಸ್ಸು ಹತ್ತಿದೆ. ಮನೆಯವರಿಗೂ ಹೇಳಲಿಲ್ಲ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಅವಳ ತವರಿನ ಮಣ್ಣನ್ನು ನಾನೇ ಹೊತ್ತು ನನ್ನ ಮನೆಗೆ ತರಬೇಕಲ್ಲ! ಅರ್ಧ ದಾರಿಯಲ್ಲಿ ಇಳಿದುಬಿಡೋಣ ಎನಿಸಿತು. ಇಳಿಯಲಿಲ್ಲ.

ವಿಠ್ಠಲರಾಯರ ಮನೆಯಲ್ಲಿ ಈಗ ಬಾಡಿಗೆಗೆ ಇರುವವಳು ಮಾಣಿಕಮ್ಮ. ಬಾಗಿಲು ತೆಗೆದು, "ಯಾರ್ರಿ ನೀವು?" ಎಂದಳು.

"ಸೇಡಂದಾಕಿ. ಶ್ರೀವಾಣಿ ಅತ್ತಿ."

"ಓಹೋ! ಸುಣ್ಣದ ಅತ್ತಿ ನೀವೇ ಏನ್ರಿ?"

ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು. ಹೂವಿನ ಅಕ್ಕೋರಾಗಿ ಬಾಳಿದವಳು ಪರವೂರಿನಲ್ಲಿ ಸುಣ್ಣದ ಅತ್ತಿ ಆಗಿದ್ದೆ. ಕಪಾಳಕ್ಕೆ ಬಾರಿಸಬೇಕು ಎನಿಸಿತು, ಆದರೆ ಮಣ್ಣು ಬೇಕಿತ್ತು. "ಹೌದವ್ವಾ, ನಾನೇ. ಈಗ ಮೊರಂ ಮಣ್ಣು ಎಲ್ಲಿ ಸಿಗ್ತದ ತೋರ್ಸು," ಎಂದೆ.

ಕೆಟ್ಟವಳಲ್ಲ ಮಾಣಿಕಮ್ಮ. ಮಜ್ಜಿಗೆ ಕೊಟ್ಟಳು. ಊರಂಚಿನ ದಿಬ್ಬಕ್ಕೆ ಕರೆದುಕೊಂಡು ಹೋಗಿ, ನನ್ನ ಕೈಯಿಂದ ಕುರ್ಪಿ ಕಸಿದುಕೊಂಡು ತಾನೇ ಅಗೆದಳು. ಅಗೆಯುತ್ತ ಹೇಳಿದಳು, "ಪೋಸ್ಟ್‌ಮಾಸ್ತರು ನಮಗ ಭಾಳ ದಿನದ ಗುರುತು ರೀ. ಹೂ ಅರಳಿತಂದ್ರ ಸಾಕು, ಮಗಳಿಗಿ ಫೋನ್ ಹಚ್ಚತಿದ್ರು. ಇವತ್ತು ಒಂದು ಅರಳ್ಯದ ನೋಡವ್ವಾ, ನೀನು ಇದ್ದಿದ್ರ ನೋಡ್ತಿದ್ದಿ, ಅಂತಿದ್ರು. ಒಂದೊಂದು ಹೂವಿಗೂ ಒಂದು ಫೋನ್ ರೀ."

ಚೀಲಕ್ಕೆ ಮಣ್ಣು ತುಂಬುತ್ತಿದ್ದವಳು ಅಲ್ಲೇ ನಿಲ್ಲಿಸಿದೆ. ನನ್ನ ಜೀವಮಾನದಲ್ಲಿ ಎಷ್ಟು ಹೂ ಅರಳಿದವು, ಒಂದಕ್ಕಾದರೂ ಯಾರಾದರೂ ನನಗೆ ಫೋನ್ ಮಾಡಿದ್ದಾರೆಯೇ? ಮಳಖೇಡದಿಂದ ನನ್ನ ಮಗ ಫೋನ್ ಮಾಡುವುದು ಊಟದ ಡಬ್ಬಿ ಮರೆತಾಗ. ಆ ಬಿಸಿಲಿನಲ್ಲಿ, ಆ ಕೆಂಪು ದಿಬ್ಬದ ಮೇಲೆ ನಿಂತು, ಸತ್ತುಹೋದ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅಂಥ ಅಪ್ಪ ಇದ್ದ ಅವಳ ಮೇಲೆ ಇನ್ನೂ ಹೆಚ್ಚು ಆಯಿತು. ಕಣ್ಣಲ್ಲಿ ನೀರೂ ಬಂತು. ಮಾಣಿಕಮ್ಮ ಬಿಸಿಲಿಗೆ ಬಂತೆಂದುಕೊಂಡಳು.

ವಾಪಸು ಬರುವಾಗ ಚೀಲ ಬಸ್ಸಿನಲ್ಲಿ ಇಡಲು ಕಂಡಕ್ಟರ್ ಕೈ ಜೋಡಿಸಿದ. "ಏನ್ರಿ ಬಾಯಾರೆ ಇದು, ಇಷ್ಟು ಭಾರ?"

"ಮಣ್ಣು."

"ಮಣ್ಣಾ! ಸೇಡಂದಾಗ ಮಣ್ಣಿಲ್ಲೇನ್ರಿ?"

"ಅದ. ಅದರಾಗ ನೀಲಿ ಬರಂಗಿಲ್ಲ," ಎಂದೆ. ಅವನಿಗೆ ತಿಳಿಯಲಿಲ್ಲ, ನಾನು ಬಿಡಿಸಿ ಹೇಳಲಿಲ್ಲ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಬಸ್‌ಸ್ಟ್ಯಾಂಡಿನಿಂದ ಆಟೋದವನು ಚೀಲವನ್ನು ಮಾಳಿಗೆಯ ಮೆಟ್ಟಿಲಿನ ತನಕ ತಂದುಕೊಟ್ಟ. ಒಳಗಿಂದ ಎಲ್ಲರೂ ಓಡಿ ಬಂದರು.

"ಎಲ್ಲಿ ಹೋಗಿದ್ದಿ ಅಮ್ಮಾ? ಮಧ್ಯಾಹ್ನದಿಂದ ಹುಡುಕಲಿಕತ್ತೀವಿ! ಫೋನ್ ಮನಿಯೊಳಗೇ ಬಿಟ್ಟು ಹೋಗಿದಿ!" ಎಂದು ಸುಮಧ್ವ ಕೂಗಾಡಿದ.

ನಾನು ಅವನ ಕಡೆ ನೋಡಲಿಲ್ಲ. ಮೊದಲ ಮೆಟ್ಟಿಲ ಮೇಲೆ ಕೂತೆ, ಮೊಣಕಾಲು ನಿಲ್ಲಲು ಬಿಡಲಿಲ್ಲ. ಚೀಲದ ಬಾಯಿ ಬಿಚ್ಚಿ ಶ್ರೀವಾಣಿಯ ಕಡೆ ತಿರುಗಿಸಿದೆ. ಅವಳು ಬಗ್ಗಿ ಒಂದು ಮುಷ್ಟಿ ಮಣ್ಣು ತೆಗೆದಳು. ಎಲ್ಲಿಯದೆಂದು ಕೇಳಲಿಲ್ಲ. ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ನೋಡು ಶ್ರೀವಾಣಿ," ಎಂದೆ. "ಆ ಹೂವಿನ ಮ್ಯಾಲೆ ನಾ ಉರಕೊಂಡಿದ್ದು ಖರೆ. ಅಷ್ಟಮಿಗಿ ಉರಕೊಂಡೆ, ಮಂದಿ ಬಂದು ನಿನ್ನ ಹೆಸರು ಕೇಳಿದಾಗ ಉರಕೊಂಡೆ, ಇವತ್ತು ಚಿಂಚೋಳ್ಯಾಗ ನಿಂತೂ ಉರಕೊಂಡೆ. ನಾಳೆನೂ ಉರಕೋತೀನಿ, ನನ್ನ ಕೈಲೆ ಬಿಡ್ಲಿಕ್ಕಾಗಂಗಿಲ್ಲ. ಆದ್ರ ಸುಣ್ಣ ಹೊಟ್ಟಿಕಿಚ್ಚಿಲೆ ಹಾಕಿದ್ದಲ್ಲ. ನಿಮ್ಮಪ್ಪ ಹೋಗಿದ್ರು, ನಿನಗ ಏನು ಹೇಳಬೇಕು ನನಗ ಗೊತ್ತಾಗ್ಲಿಲ್ಲ. ಅದಕ್ಕ ಕುಂಡಕ್ಕ ಸುಣ್ಣ ಬಳದೆ. ನಂಬಿದ್ರ ನಂಬು, ಬಿಟ್ರ ಬಿಡು."

ಸುಮಧ್ವ ತಲೆ ತಗ್ಗಿಸಿದ.

"ನನಗ ಗೊತ್ತದ ರೀ," ಎಂದಳು ಶ್ರೀವಾಣಿ.

"ಗೊತ್ತಿದ್ರ ಕೀಲಿ ಯಾಕವ್ವಾ?"

"ಗೊತ್ತಾಗಿದ್ದು ಈಗ ರೀ. ಸುಳ್ಳು ಹೇಳೋರು ಉರಕೊಂಡೆ ಅಂತ ತಾವಾಗೇ ಹೇಳ್ತಾರೇನ್ರಿ, ಅತ್ಯಾ?"

ಅತ್ಯಾ ಎಂದಳು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ಅವಳು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತು, ಆ ಮಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ, ಅವರಪ್ಪನ ಗಿಡ ಹೋದಾಗ ಅಳದವಳು ಅವತ್ತು ಅತ್ತಳು. ನಾನು ಬೆನ್ನು ಸವರಿದೆ. ಅದಕ್ಕೆ ಮಾತು ಬೇಕಾಗಲಿಲ್ಲ.

ಮರುದಿನ ರವಿವಾರ. ಬಿಸಿಲೇರುವ ಮೊದಲು ಇಬ್ಬರೂ ಮಾಳಿಗೆಗೆ ಹೋದೆವು. ಅವಳು ಒಂದು ಕುಂಡವನ್ನು ಮಗ್ಗುಲಾಗಿ ಮಲಗಿಸಿ, ಗಿಡವನ್ನು ಬೇರುಸಮೇತ ಬಿಡಿಸಿ, ಬೆಳ್ಳಗಾಗಿದ್ದ ಮಣ್ಣನ್ನು ಉದುರಿಸಿ, ಬೇರನ್ನು ಡ್ರಮ್ಮಿನ ನೀರಿನಲ್ಲಿ ಮೆಲ್ಲಗೆ ಅದ್ದಿದಳು. ಹೊಸ ಕುಂಡಕ್ಕೆ ನಾನು ಕೆಂಪು ಮಣ್ಣು ಸುರಿದೆ. ಬಣ್ಣ ತಿರುಗಲು ಮುಂದಿನ ಹೂವಿನ ತನಕ ಕಾಯಬೇಕು ಎಂದಳು. ಆಮೇಲೆ ಎರಡನೆಯ ಕುಂಡ. ಅದೂ ಹಾಗೆಯೇ ಆಯಿತು.

ಮೂರನೆಯದಕ್ಕೆಂದು ನಾನು ಚೀಲ ಎತ್ತಿದೆ. ಅವಳು ನನ್ನ ಕೈ ಹಿಡಿದಳು.

"ಇದು ಇರ್ಲಿ ಬಿಡ್ರಿ ಅತ್ಯಾ."

"ಯಾಕ? ಮಣ್ಣು ಸಾಲ್ತದ."

"ಸಾಲ್ತದ ರೀ. ಆದ್ರ ಇದು ಗುಲಾಬೀನೇ ಇರ್ಲಿ. ಅವೆರಡು ಅಪ್ಪಂದು, ಇದು ನಿಮ್ಮದು. ಇದಕ್ಕ ಬೋರಿನ ನೀರೇ ಹಾಕ್ರಿ. ದೀಪಾವಳಿಗಿ ಸುಣ್ಣ ಬಳೀರಿ, ಬಳ್ಳೀನೂ ಬರೀರಿ. ನಾ ಕೆರಿಯಂಗಿಲ್ಲ."

ನಾನು ಆ ಗುಲಾಬಿ ಗೊಂಚಲನ್ನು ನೋಡಿದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ, ಮೂಗೊರೆಸಿಕೊಂಡೆ. ಕೆಂಪು ಮಣ್ಣಿನಲ್ಲಿ ಆಗಷ್ಟೇ ಕೂತ ಆ ಜೋಡಿಯ ಕಡೆಗೂ ಒಮ್ಮೆ ನೋಡಿದೆ.

"ಅಂದ್ರ ನಿಮ್ಮಪ್ಪಗ ಎರಡು," ಎಂದೆ, "ನನಗ ಒಂದೇ ಏನು?"